ಪಾರ್ಶ್ವವಾಯುವಿನ ನಂತರ ಬಲಗೈ: ಸೂಜಿ, ಕಿಳಿ ಮತ್ತು ವ್ಯಾಯಾಮಗಳ ಹೋಲಿಕೆ

ಮಿದುಳಿನ ಎಡಭಾಗದ ರಕ್ತನಾಳವೊಂದು ಮುಚ್ಚಿಕೊಂಡು ಅಮ್ಮನ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ಉಡುಪಿ, ಮಂಗಳೂರುಗಳಲ್ಲಿ ನಮಗೆ ದೊರೆತ ಫಿಸಿಯೋಥೆರಪಿ, ಅಕ್ಯುಪಂಕ್ಚರ್ ಹಾಗೂ ಆಯುರ್ವೇದ ಚಿಕಿತ್ಸೆಗಳನ್ನು ಒಂದೊಂದಾಗಿ ಮಾಡಿಸಿದ್ದೇವೆ. ಮೂರೂ ಚೇತರಿಕೆಯ ಹಂತದವು. ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದಾಗ ಹೋಗಬೇಕಾದದ್ದು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕಾಗುತ್ತದೆ.

ಅಕ್ಯುಪಂಕ್ಚರ್ ಮಾಡಿದವರು ಪ್ರಕೃತಿ ಚಿಕಿತ್ಸೆಯಲ್ಲಿ ಪದವಿ ಪಡೆದ ವೈದ್ಯೆ. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ, ಮೊಣಕೈ ಮಡಿಕೆಯ ಹೊರತುದಿಯಲ್ಲಿ, ಮೊಣಕಾಲಿನ ಕೆಳಗೆ ಮತ್ತು ನೆತ್ತಿಯಲ್ಲಿ ಸಪೂರ ಸೂಜಿಗಳನ್ನು ಚುಚ್ಚಿ, ಕೆಲವಕ್ಕೆ ಅತಿ ಸಣ್ಣ ವಿದ್ಯುತ್ ಹಾಯಿಸಿ, ಅರ್ಧ ಗಂಟೆಯವರೆಗೆ ಮಲಗಿಸುತ್ತಿದ್ದರು. ಸದಾ ಮುಷ್ಟಿ ಕಟ್ಟಿಕೊಂಡೇ ಇರುತ್ತಿದ್ದ ಬೆರಳುಗಳು ಆ ಬಳಿಕ ಸಡಿಲವಾಗುತ್ತಿದ್ದವು, ಭುಜದ ನೋವು ಇಳಿಯುತ್ತಿತ್ತು, ರಾತ್ರಿ ಅಮ್ಮನಿಗೆ ನಿದ್ದೆ ಬರುತ್ತಿತ್ತು. ಆದರೆ ಮರುದಿನಕ್ಕೆ ಬಿಗಿತ ಮರಳುತ್ತಿತ್ತು, ಕೈಗೆ ಹೊಸ ಕೆಲಸವೇನೂ ಬರಲಿಲ್ಲ. ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆಯು 31 ಪ್ರಯೋಗಗಳ 2,257 ರೋಗಿಗಳ ವಿವರ ನೋಡಿ, ಅಕ್ಯುಪಂಕ್ಚರ್‌ನಿಂದ ಕೆಲವು ತೊಂದರೆಗಳು ತಗ್ಗಬಹುದಾದರೂ ಪ್ರಯೋಗಗಳ ಗುಣಮಟ್ಟ ಕಡಿಮೆಯಾದ್ದರಿಂದ ಖಚಿತವಾಗಿ ಹೇಳಲಾಗದು ಎಂದಿದೆ. ನಾವು ಕಂಡದ್ದಕ್ಕೆ ಇದು ವಿರುದ್ಧವಾಗಿಲ್ಲ.

ಫಿಸಿಯೋಥೆರಪಿ ನಿಧಾನ, ಬೇಸರ ತರಿಸುವಂಥದ್ದು. ಅಮ್ಮ ಅತ್ತದ್ದೂ ಅದರಲ್ಲಿಯೇ. ಮೊದಮೊದಲು ಚೆಂಡು ಹಿಚುಕುವುದು, ಗೂಟ ಕೀಳುವುದು ಮುಂತಾದವನ್ನು ಮಾಡಿಸಿದಾಗ ಅವರಿಗೆ ಮನಸ್ಸೇ ಇರಲಿಲ್ಲ. ಅವರು ಕೈಯಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿ, ಮಲ್ಲಿಗೆ ಕಟ್ಟುತ್ತಿದ್ದರೆಂದು ತಿಳಿದ ಫಿಸಿಯೋಥೆರಪಿಸ್ಟ್, ಬಾಳೆನಾರನ್ನೂ ಮೊಗ್ಗನ್ನೂ ತರಿಸಿದರು. ಎಡಗೈಗೆ ಕೈಗವಸು ತೊಡಿಸಿ ಬಲಗೈಯಲ್ಲಿ ಮೊಗ್ಗು ಆರಿಸಲು ಹೇಳಿದಾಗ ಮೊದಲು ಮೊಗ್ಗುಗಳು ನಜ್ಜುಗುಜ್ಜಾದವು, ಬರಬರುತ್ತಾ ಹೆಬ್ಬೆರಳು ಮತ್ತು ತೋರುಬೆರಳು ಕೂಡಿದವು. ಸ್ವಸ್ಥ ಕೈಯನ್ನು ತಡೆದು ದುರ್ಬಲ ಕೈಗೆ ಕೆಲಸ ಕೊಡುವ ಈ ವಿಧಾನದ ಲಾಭ ವರ್ಷದ ನಂತರವೂ ಉಳಿದಿತ್ತೆಂದು 2006ರಲ್ಲಿ ಪ್ರಕಟವಾದ, ಅಮೆರಿಕದ ಎಕ್ಸೈಟ್ ಅಧ್ಯಯನ ತೋರಿಸಿತು. ಆದರೆ ಮಣಿಕಟ್ಟು ಮತ್ತು ಬೆರಳುಗಳನ್ನು ಸ್ವಲ್ಪವಾದರೂ ಬಿಡಿಸಬಲ್ಲವರಿಗೆ ಮಾತ್ರ ಅದು ಹೊಂದುತ್ತದೆ. ಗಂಜಿಯ ಊಟವನ್ನು ಅಮ್ಮ ಈಗ ಬಲಗೈಯಿಂದಲೇ ಮಾಡುತ್ತಾರೆ, ಮಲ್ಲಿಗೆ ಕಟ್ಟುವಾಗ ಮಾತ್ರ ಗಂಟು ಇನ್ನೂ ಜಾರುತ್ತದೆ.

ಆಯುರ್ವೇದದಲ್ಲಿ ಅಭ್ಯಂಗ (ಎಣ್ಣೆ ಹಚ್ಚಿ ಮೈ ನೀವುವುದು), ನವರಕಿಳಿ (ಬೇಯಿಸಿದ ನವರ ಅಕ್ಕಿಯ ಬಿಸಿ ಬಟ್ಟೆಗಂಟಿನಿಂದ ಮೈ ತೀಡುವುದು) ಮತ್ತು ಬಸ್ತಿ (ಗುದದ್ವಾರದ ಮೂಲಕ ಔಷಧ ಕೊಡುವುದು) ಮಾಡಿಸಿದೆವು. ಮೈ ಹಗುರವಾಯಿತು, ಚರ್ಮ ಮೃದುವಾಯಿತು, ಕಾಲಿನ ಬಿಗಿತ ಸ್ವಲ್ಪ ತಗ್ಗಿತು. ಒಳರೋಗಿಯಾಗಿ ಇರಬೇಕಾದ್ದರಿಂದ ಮೂರರಲ್ಲಿ ಇದಕ್ಕೇ ಹೆಚ್ಚು ಖರ್ಚು. ಸ್ಪರ್ಶಜ್ಞಾನ ಕುಂದಿದ ಕೈಗೆ ಬಿಸಿ ಕಿಳಿ ಸುಟ್ಟರೂ ಗೊತ್ತಾಗುವುದಿಲ್ಲವಾದ್ದರಿಂದ, ಮೊದಲು ಸ್ವಸ್ಥ ಕೈಯ ಮೇಲೆ ಬಿಸಿ ನೋಡಬೇಕು.

ಒಂದಕ್ಕೆ ಮಾತ್ರ ಹಣವಿರುವ ಮನೆಯವರು ಫಿಸಿಯೋಥೆರಪಿಯನ್ನೇ ಆರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಚೇತರಿಕೆ ವೇಗವಾಗಿ ಆಗುವ ಮೊದಲ ಕೆಲವು ತಿಂಗಳುಗಳನ್ನು ಬರೀ ಮಲಗಿಸಿ ಮಾಡುವ ಚಿಕಿತ್ಸೆಗಳಲ್ಲಿ ಕಳೆದರೆ ಅವು ಮತ್ತೆ ಸಿಗುವುದಿಲ್ಲ. ಎರಡಕ್ಕೂ ಅನುಕೂಲವಿದ್ದರೆ ಸೂಜಿ ಚಿಕಿತ್ಸೆಯನ್ನು ವ್ಯಾಯಾಮಕ್ಕಿಂತ ಮೊದಲು, ಅದೇ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಬೆರಳು ಸಡಿಲವಾಗಿರುವ ಆ ಹೊತ್ತಿನಲ್ಲಿ ಅಮ್ಮ ಹೆಚ್ಚು ಮೊಗ್ಗು ಹಿಡಿಯುತ್ತಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಕ್ಲೊಪಿಡೊಗ್ರೆಲ್‌ನಂಥ ಮಾತ್ರೆ ಸೇವಿಸುವವರು ಅದನ್ನು ಚುಚ್ಚುವವರಿಗೆ ಮುಂಚಿತವಾಗಿ ತಿಳಿಸಬೇಕು, ಮಾತ್ರೆ ಬರೆದ ವೈದ್ಯರು ಹೇಳದ ಹೊರತು ಯಾರ ಮಾತಿಗೂ ಮಾತ್ರೆಯನ್ನು ನಿಲ್ಲಿಸಬಾರದು. ಪೇಸ್‌ಮೇಕರ್ ಇರುವವರು ವಿದ್ಯುತ್ ಹಾಯಿಸುವ ಸೂಜಿಗೆ ಒಪ್ಪಬಾರದು. ಮೊಹರು ಮಾಡಿದ ಹೊಸ ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆಯುವಂತೆ ಪ್ರತಿ ಸಲವೂ ಕೇಳಬೇಕು.