ಪೈಲಟ್ ಅರ್ಜಿ ತುಂಬುವ ಮುಂಚೆ ಟಿಳಕವಾಡಿಯಲ್ಲಿ ಎರಡು ಭಾನುವಾರ

ಏರ್‌ಲೈನ್ ಅರ್ಜಿ ತುಂಬುವಾಗ ಒಂದು ಪ್ರಶ್ನೆಗೆ ನನ್ನ ಕೈ ನಿಂತುಬಿಟ್ಟಿತು. ತರಬೇತಿಯಲ್ಲಿ ಯಾವಾಗಲಾದರೂ ಅವಘಡ ಆಗಿದೆಯೇ? ಆಗಿದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಮೂರನೇ ಸೋಲೋ (ಇನ್‌ಸ್ಟ್ರಕ್ಟರ್ ಇಲ್ಲದೆ ಹಾರುವ) ದಿನ ನನ್ನ ತರಬೇತಿ ವಿಮಾನ ಸೆಸ್ನಾ 172 ಇಳಿಯುವಾಗ ಪುಟಿದು, ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿದು ಅದರ ಕಾಲು ಬಾಗಿತು. ನನಗೇನೂ ಆಗಲಿಲ್ಲ. ಆದರೆ ಮೂರು ವಾರ ಸೋಲೋ ನಿಲ್ಲಿಸಿದರು. ಅದು ಸಾಲದು ಅಂತ ಏರ್ ನ್ಯಾವಿಗೇಷನ್ ಪೇಪರ್ ಎರಡು ಸಲ ಹೋಗಿತ್ತು, ಬೆಂಗಳೂರಿನಲ್ಲಿರುವ ವಾಯುಪಡೆಯ ವೈದ್ಯಕೀಯ ಸಂಸ್ಥೆ ಐಎಎಂನಲ್ಲಿ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಆದಾಗ ಹಿಮೋಗ್ಲೋಬಿನ್ ಕಡಿಮೆ ಅಂತ ಟೆಂಪರರಿ ಅನ್‌ಫಿಟ್ ಕೊಟ್ಟಿದ್ದರು.

ಮೊದಲು ಬೇರೆ ಊರಿನ ಒಬ್ಬ ಕನ್ಸಲ್ಟೆಂಟ್‌ಗೆ ದುಡ್ಡು ಕಟ್ಟಿದ್ದೆ. "ಎಲ್ಲಕ್ಕೂ ಇಲ್ಲ ಅಂತ ಹಾಕಿ, ಯಾರು ನೋಡ್ತಾರೆ" ಅಂದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಸೀನಿಯರ್ ಒಬ್ಬರು ಬೆಳಗಾವಿಯ ಟಿಳಕವಾಡಿಯ ಎರಡನೇ ಗೇಟ್ ಹತ್ತಿರ ಮನೆಯಲ್ಲೇ ಇಂಟರ್‌ವ್ಯೂ ತಯಾರಿ ಮಾಡಿಸುವ, ಏರ್‌ಫೋರ್ಸ್‌ನಿಂದ ನಿವೃತ್ತರಾದ ಸರ್ ಹತ್ತಿರ ಕಳಿಸಿದರು. ಎರಡು ಭಾನುವಾರಕ್ಕೆ 2,500 ರೂಪಾಯಿ.

ಸರ್ ಮೊದಲು ಪ್ರಶ್ನೆಯನ್ನೇ ಜೋರಾಗಿ ಓದಿಸಿದರು. "ಯಾವಾಗಲಾದರೂ" ಅಂತ ಇದೆಯಾ, "ಕಳೆದ 5 ವರ್ಷದಲ್ಲಿ" ಅಂತ ಇದೆಯಾ? ಪ್ರತಿ ಪೇಪರ್‌ಗೆ ಎಷ್ಟು ಅಟೆಂಪ್ಟ್ ಅಂತ ಕೇಳಿದ್ದರು, ಹಾಗಾಗಿ ನ್ಯಾವಿಗೇಷನ್ ಮುಂದೆ 3 ಬರೆದೆ. ಟೆಂಪರರಿ ಆದರೂ ಅನ್‌ಫಿಟ್ಟೇ ಅಲ್ವಾ, ಅದಕ್ಕೂ ಹೌದು ಅಂತ ಬರೆದು ಆಮೇಲೆ ಫಿಟ್ ಆದ ಕಾಗದ ಜೋಡಿಸಿದೆವು. ಕಾಲೇಜಿನಲ್ಲಿ ಹಾಜರಿ ಕಡಿಮೆಯಾಗಿ ದಂಡ ಕಟ್ಟಿದ್ದನ್ನೂ ಹೆದರಿಕೆಗೆ ಬರೆಯಲು ಹೊರಟಿದ್ದೆ. "ಅದನ್ನ ಯಾರು ಕೇಳ್ಯಾರವಾ? ಕೇಳಿದ್ದಕ್ಕ ಪೂರಾ ಹೇಳು, ಕೇಳಲಾರದ್ದನ್ನ ಹೊತ್ಕೊಂಡು ಹೋಗಬ್ಯಾಡ" ಅಂದರು.

ಎರಡನೇ ಭಾನುವಾರ ಪೂರ್ತಿ ಆ ಲ್ಯಾಂಡಿಂಗ್‌ಗೇ ಹೋಯಿತು. ಫ್ಲೈಯಿಂಗ್ ಸ್ಕೂಲಿನ ರಿಪೋರ್ಟ್‌ನಲ್ಲಿ ಅದು ಇದ್ದೇ ಇದೆ, ಹಾರಾಟ ಬರೆದಿಡುವ ಲಾಗ್‌ಬುಕ್ ತೆರೆದರೆ ಸೋಲೋ ಇಲ್ಲದ ಮೂರು ವಾರ ಎದ್ದು ಕಾಣುತ್ತವೆ. 2011ರಲ್ಲಿ ಗೋವಾದಲ್ಲಿ ಒಂದು ವಿಮಾನ ಹೀಗೇ ಮುಂದಿನ ಚಕ್ರದ ಮೇಲೆ ಇಳಿದಿತ್ತು. ಅದರ ತನಿಖೆಗೆ ಹೋದವರಿಗೆ ಪೈಲಟ್‌ನ ಅಂಕಪಟ್ಟಿಯೇ ನಕಲಿ ಅಂತ ಗೊತ್ತಾಗಿ, ಮುಂದೆ ಇನ್ನೂ ಕೆಲವು ಪೈಲಟ್‌ಗಳು ಸಿಕ್ಕಿಬಿದ್ದರು. ಮಾಹಿತಿ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ರದ್ದು ಮಾಡಬಹುದು. ನಾನು ಬರೆದುಕೊಂಡು ಹೋಗಿದ್ದು ಒಂದು ಪುಟ, ಅದರ ತುಂಬ ಗಾಳಿಯ ಮೇಲೆ ದೂರು. ಸರ್ ಅದನ್ನು ನಾಲ್ಕು ಸಾಲಿಗೆ ಇಳಿಸಿದರು. ಅಪ್ರೋಚ್‌ನಲ್ಲಿ, ಅಂದರೆ ಇಳಿಯಲು ಬರುವಾಗ, 65 ನಾಟ್ ಇರಬೇಕಾದ ಸ್ಪೀಡ್ 75 ಇತ್ತು. ಪುಟಿದಾಗ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡದೆ ಮೂಗು ಕೆಳಗೆ ಒತ್ತಿದೆ. ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ಹಾರಿ ಸೋಲೋಗೆ ಒಪ್ಪಿಗೆ ಪಡೆದೆ. ಆಮೇಲೆ ಅಂಥದ್ದು ಆಗಿಲ್ಲ. ಇಷ್ಟೇ. ಕಾಗದದ ಮೇಲೆ ನೋಡಿದಾಗ ನನಗೇ ಉಸಿರು ಹಗುರಾಯಿತು.

ಹಿಡಿಸದ ಮಾತೂ ಇದೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಕೂರುತ್ತಾರೆ. ನನ್ನ ಮೆಡಿಕಲ್ ವಿಷಯ ಉಳಿದ ಮೂವರಿಗೂ ಕೇಳಿಸಿತು, ಅದು ಸರಿಯಲ್ಲ. ಇಂಥ ಕೆಲಸಕ್ಕೆ ಒಬ್ಬೊಬ್ಬರನ್ನೇ ಕರೆಯಬೇಕು, ಸರ್‌ಗೂ ಹೇಳಿದ್ದೇನೆ. ಹಿಂದಿನ ಕಾಯಿಲೆ, ಮಾತ್ರೆಗಳ ವಿಷಯಕ್ಕೆ ಅವರು ಕೈ ಹಾಕುವುದಿಲ್ಲ, ಡಿಜಿಸಿಎ ಮೆಡಿಕಲ್ ಎಗ್ಸಾಮಿನರ್‌ ಹತ್ತಿರ ಹೋಗಿ ಕೇಳಿ ಅನ್ನುತ್ತಾರೆ. ಅದು ನನಗೆ ಸರಿ ಅನಿಸಿತು.

ಹೋದ ವಾರ ಇಂಟರ್‌ವ್ಯೂ ಆಯಿತು. ಮೊದಲ ಪ್ರಶ್ನೆಯೇ ಆ ಲ್ಯಾಂಡಿಂಗ್. ನಾಲ್ಕು ಸಾಲು ಹೇಳಿದೆ, ಈಗ ಪುಟಿದರೆ ಏನು ಮಾಡ್ತೀರಿ ಅಂತ ಕೇಳಿ ಮುಂದೆ ಹೋದರು. ರಿಸಲ್ಟ್ ಇನ್ನೂ ಬಂದಿಲ್ಲ. ಸರ್ ಹತ್ತಿರ ಹೋಗುವವರು ಲಾಗ್‌ಬುಕ್, ಎಲ್ಲ ಅಂಕಪಟ್ಟಿ, ಮೆಡಿಕಲ್ ಕಾಗದ ಒಯ್ಯಿರಿ, ಖಾಲಿ ಕೈಲಿ ಹೋದರೆ ಸುಮ್ನೆ ವಾಪಸ್ ಕಳಿಸುತ್ತಾರೆ.