ಪ್ರಯಾಣದ ನಮಾಜ್ ಸೆಟ್: ಯಾವುದು ಬೇಕು, ಯಾವುದು ಬೇಡ

ಜಿಪ್ ಇರುವ ಪುಟ್ಟ ಚೀಲ. ಒಳಗೆ ಮಡಚಿಟ್ಟ ತೆಳು ಜಾನಮಾಜ್ (ನಮಾಜಿನ ಚಾಪೆ), ಕಿಬ್ಲಾ (ನಮಾಜಿಗೆ ಮುಖ ಮಾಡುವ, ಮಕ್ಕಾದ ಕಾಬಾ ಭವನದ ದಿಕ್ಕು) ನೋಡಲು ಒಂದು ದಿಕ್ಸೂಚಿ, ಜಪ ಎಣಿಸಲು ಬೆರಳಿಗೆ ಹಾಕುವ ಡಿಜಿಟಲ್ ತಸ್ಬೀಹ್, ಜೊತೆಗೆ ಉಚಿತ ಅಂತ ನೀಲಿ ಕಣ್ಣಿನ ಮಣಿಯ ಕೀಚೈನ್. ಮಕ್ಕಾದ ಉಮ್ರಾ ಯಾತ್ರೆಗೆ ಹೊರಟವರಿಗೆ, ಗಲ್ಫ್‌ಗೆ ಕೆಲಸಕ್ಕೆ ಹೋಗುವವರಿಗೆ ಉಡುಗೊರೆಯಾಗಿ ಕೊಡುವ ಸೆಟ್ ಇದು. ಆನ್‌ಲೈನ್‌ನಲ್ಲೂ ಸಿಗುತ್ತದೆ, ಮಸೀದಿ ಹತ್ತಿರದ ಅಂಗಡಿಗಳಲ್ಲೂ ಸಿಗುತ್ತದೆ. ಹೆಸರು ಹತ್ತಾರು, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಂಪನಿಯನ್ನು ಬಿಟ್ಟು ಸಾಮಾನನ್ನೇ ಒಂದೊಂದಾಗಿ ನೋಡೋಣ.

ನಮಾಜಿನ ಸಾಮಾನಿಗೆ ಬಟ್ಟೆ, ಹೊಲಿಗೆ, ಬ್ಯಾಟರಿ ಇಷ್ಟೇ ನೋಡಿದರೆ ಸಾಲದು. ಅಲ್ಲಾಹನು ಒಬ್ಬನೇ, ಅವನು ಯಾರಿಗೂ ಹುಟ್ಟಿದವನಲ್ಲ, ಅವನಿಗೆ ಯಾರೂ ಹುಟ್ಟಿಲ್ಲ, ಅವನಿಗೆ ಸಾಟಿ ಯಾರೂ ಇಲ್ಲ ಎಂದು ಕುರ್‌ಆನಿನ 112ನೇ ಅಧ್ಯಾಯ ನಾಲ್ಕೇ ವಚನಗಳಲ್ಲಿ ಹೇಳಿ ಮುಗಿಸುತ್ತದೆ. ತೌಹೀದ್ ಎಂದರೆ ಇದು. ಆಕಾಶ, ಭೂಮಿ ಸೃಷ್ಟಿಸಿದವನು ಅಲ್ಲಾಹನೇ ಎಂಬುದನ್ನು ಅಂದಿನ ಮಕ್ಕಾದ ಬಹುದೇವಾರಾಧಕರೂ ಒಪ್ಪುತ್ತಿದ್ದರು. ಮೊರೆ, ಹರಕೆ, ಭಯ, ಭರವಸೆ, ಸಜ್ದಾ (ಹಣೆ ನೆಲಕ್ಕೂರುವ ನಮನ) ಇವೆಲ್ಲ ಅವನೊಬ್ಬನಿಗೇ ಸಲ್ಲಬೇಕು ಎಂದಾಗ ಮಾತ್ರ ಅವರು ತಿರುಗಿಬಿದ್ದರು. ಇವತ್ತಿಗೂ ಕಾಲು ಜಾರುವುದು ಆ ಎರಡನೇ ಜಾಗದಲ್ಲೇ. ಅದಕ್ಕೆ ಈ ಸೆಟ್ಟಿನ ಪ್ರತಿ ವಸ್ತುವಿಗೂ ಕೇಳಬೇಕಾದದ್ದು ಒಂದೇ ಪ್ರಶ್ನೆ: ಇದು ಕೆಲಸ ಮಾಡಿಕೊಟ್ಟು ಪಕ್ಕಕ್ಕೆ ಸರಿಯುತ್ತದೋ, ಮನಸ್ಸನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೋ?

ದಿಕ್ಸೂಚಿಯಿಂದ ಶುರು ಮಾಡೋಣ, ಜನ ಹೆಚ್ಚು ಎಡವುವುದು ಇಲ್ಲೇ. ಮುಳ್ಳು ಕಾಬಾದ ಕಡೆಗೆ ನಿಲ್ಲುತ್ತದೆ ಎಂದುಕೊಂಡವರು ಬಹಳ. ಮುಳ್ಳು ತೋರಿಸುವುದು ಉತ್ತರವನ್ನು. ಸಂಖ್ಯೆಯ ಡಯಲ್ ಇರುವ ಹಳೇ ಮಾದರಿಯಲ್ಲಿ, ಜೊತೆಗಿರುವ ಕಿರುಪುಸ್ತಕದಲ್ಲಿ ನಿಮ್ಮ ಊರಿನ ಸಂಖ್ಯೆ ಹುಡುಕಿ, ಮುಳ್ಳಿನ ಬಣ್ಣದ ತುದಿ ಆ ಸಂಖ್ಯೆಯ ಮೇಲೆ ಬರುವ ತನಕ ಡಬ್ಬಿಯನ್ನೇ ತಿರುಗಿಸಬೇಕು. ಆಗ ಡಯಲಿನ ಮೇಲಿನ ಮಿನಾರದ ಗುರುತು ಯಾವ ಕಡೆಗಿದೆಯೋ ಅದು ಕಿಬ್ಲಾ. ಪುಸ್ತಕದಲ್ಲಿ ದೊಡ್ಡ ನಗರಗಳಷ್ಟೇ ಇರುತ್ತವೆ, ಅಕ್ಷರವೋ ಇರುವೆ ಸಾಲು. 360 ಡಿಗ್ರಿ ಅಚ್ಚಾದ ಡಯಲೇ ವಾಸಿ. ಉತ್ತರದಿಂದ ಬಲಕ್ಕೆ ಎಣಿಸಿದರೆ ಬೆಂಗಳೂರಿಗೆ ಸುಮಾರು 288, ಮಂಗಳೂರಿಗೆ 289, ಕಲಬುರಗಿಗೆ 283. ನೇರ ಪಶ್ಚಿಮ 270. ಅಂದರೆ ನಮ್ಮಲ್ಲಿ ಪಶ್ಚಿಮಕ್ಕೆ ನಿಂತು ಸ್ವಲ್ಪ ಬಲಕ್ಕೆ ತಿರುಗಬೇಕು. ಅದೇ ದುಬೈಯಲ್ಲಿ 258, ಪಶ್ಚಿಮದಿಂದ ಎಡಕ್ಕೆ. ಊರಿನ ಅಭ್ಯಾಸವನ್ನೇ ಅಲ್ಲಿಗೆ ಒಯ್ದರೆ ಸುಮಾರು 30 ಡಿಗ್ರಿ ತಪ್ಪುತ್ತದೆ. ಇಸ್ಲಾಮಿನ ಧರ್ಮಶಾಸ್ತ್ರ ಪಂಥಗಳಲ್ಲಿ ಒಂದಾದ ಹನಫಿಗಳಲ್ಲಿ ದೂರದವರಿಗೆ ಎಡಬಲ 45 ಡಿಗ್ರಿಯ ಒಳಗಿದ್ದರೆ ನಮಾಜ್ ಆಗುತ್ತದೆ. ಕರಾವಳಿಯಲ್ಲಿ ಹೆಚ್ಚಾಗಿರುವ ಇನ್ನೊಂದು ಪಂಥ ಶಾಫಿಗಳಲ್ಲಿ ನೇರಕ್ಕೇ ಹೆಚ್ಚು ಒತ್ತು. ಸರಿ ಗೊತ್ತಿದ್ದೂ ತಪ್ಪಿಗೆ ನಿಲ್ಲುವುದು ಯಾರಿಗೂ ತರವಲ್ಲ.

ಈ ಸೆಟ್ಟುಗಳ ದೊಡ್ಡ ದೋಷ ಚೀಲದಲ್ಲೇ ಇದೆ. ಅಗ್ಗದ ಕೆಲವು ಚೀಲಗಳ ಮುಚ್ಚಳಕ್ಕೆ ಮ್ಯಾಗ್ನೆಟ್ ಬಟನ್ ಹಾಕಿ, ಅದರ ಪಕ್ಕದಲ್ಲೇ ದಿಕ್ಸೂಚಿ ಹೊಲಿದಿರುತ್ತಾರೆ. ಮುಚ್ಚಳ ಮುಚ್ಚಿದಾಗಲೆಲ್ಲ ಮುಳ್ಳು ಬಟನ್ನಿನ ಕಡೆಗೆ ವಾಲುತ್ತದೆ, ತಿಂಗಳುಗಟ್ಟಲೆ ಹಾಗೇ ಇದ್ದರೆ ಮುಳ್ಳಿನ ಕಾಂತಶಕ್ತಿಯೇ ಕೆಡಬಹುದು. ಮೊಬೈಲ್, ಸ್ಟೀಲ್ ಬೀರು, ಕಾರಿನ ಬಾನೆಟ್, ರೈಲಿನ ಬರ್ತ್ ಇವುಗಳ ಹತ್ತಿರವೂ ನಂಬಬೇಡಿ. ನಾಲ್ಕು ಹೆಜ್ಜೆ ದೂರ ಹೋಗಿ ಅಂಗೈಯಲ್ಲಿ ಮಟ್ಟವಾಗಿ ಹಿಡಿದು ನೋಡಿ.

ನಿಮ್ಮ ಡಬ್ಬಿ ಸರಿಯಿದೆಯಾ ಎಂದು ನೋಡಲು ವರ್ಷದಲ್ಲಿ ಎರಡು ಸಲ ಸೂರ್ಯನೇ ಸಾಕ್ಷಿ ನಿಲ್ಲುತ್ತಾನೆ. ಮೇ 27-28ರ ಮಧ್ಯಾಹ್ನ ನಮ್ಮ ಗಡಿಯಾರದಲ್ಲಿ 2:48ಕ್ಕೆ, ಜುಲೈ 15-16ರಂದು 2:57ಕ್ಕೆ ಸೂರ್ಯ ಕಾಬಾದ ನೆತ್ತಿಯ ಮೇಲಿರುತ್ತಾನೆ. ಸಮತಟ್ಟಾದ ಜಾಗದಲ್ಲಿ ಒಂದು ಕೋಲನ್ನು ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ. ಆ ಹೊತ್ತಿಗೆ ನೆರಳು ಬಿದ್ದ ಗೆರೆಗೆ ಸೀಮೆಸುಣ್ಣ ಎಳೆಯಿರಿ. ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಹೋಗುವ ದಿಕ್ಕೇ ಕಿಬ್ಲಾ. ಐದು ನಿಮಿಷ ಆಚೀಚೆಯಾದರೂ ವ್ಯತ್ಯಾಸ ತೀರಾ ಕಡಿಮೆ. ಜುಲೈಯಲ್ಲಿ ಕರಾವಳಿ, ಮಲೆನಾಡಿನವರಿಗೆ ಮೋಡ ಬಿಡುವುದಿಲ್ಲ, ಮೇ ತಿಂಗಳನ್ನೇ ನಂಬಿ.

ಇಷ್ಟೆಲ್ಲ ಕಾಳಜಿ ಆ ಕಟ್ಟಡಕ್ಕೆ ಪೂಜೆ ಸಲ್ಲಿಸಲಿಕ್ಕಾ ಎಂದು ಕೇಳುವವರಿದ್ದಾರೆ. ಪ್ರವಾದಿಯವರು ಮದೀನಾಕ್ಕೆ ಬಂದ ಮೇಲೆ 16-17 ತಿಂಗಳು ಜೆರುಸಲೇಮಿನ ಕಡೆಗೆ ನಮಾಜ್ ಮಾಡಿದರು. ಆಮೇಲೆ ಆಜ್ಞೆ ಬಂತು, ಕಾಬಾದ ಕಡೆಗೆ ತಿರುಗಿದರು. ದಿಕ್ಕು ಬದಲಾಯಿತು, ಆರಾಧ್ಯ ಬದಲಾಗಲಿಲ್ಲ. ಪೂರ್ವವೂ ಪಶ್ಚಿಮವೂ ಅಲ್ಲಾಹನದೇ ಎನ್ನುತ್ತದೆ ಕುರ್‌ಆನ್ (2:115). ಆರಾಧಿಸಬೇಕಾದದ್ದು ಈ ಭವನದ ಪ್ರಭುವನ್ನು ಎಂದೂ ಬಿಡಿಸಿ ಹೇಳುತ್ತದೆ (106:3). ಕಾಬಾದ ಮೂಲೆಯಲ್ಲಿರುವ ಕಪ್ಪು ಶಿಲೆಯ ಮುಂದೆ ನಿಂತ ಖಲೀಫ ಉಮರ್, ನೀನೊಂದು ಕಲ್ಲು, ಕೆಡುಕನ್ನೂ ಮಾಡಲಾರೆ ಒಳಿತನ್ನೂ ಮಾಡಲಾರೆ, ಪ್ರವಾದಿಯವರು ಮುತ್ತಿಟ್ಟದ್ದನ್ನು ಕಂಡಿರದಿದ್ದರೆ ನಾನು ಮುತ್ತಿಡುತ್ತಿರಲಿಲ್ಲ ಎಂದಿದ್ದರು. ದಿಕ್ಸೂಚಿ ಈ ಲೆಕ್ಕದಲ್ಲಿ ಪಾಸು. ದಿಕ್ಕು ಹೇಳಿ ಸುಮ್ಮನಾಗುತ್ತದೆ.

ಜಾನಮಾಜಿಗೆ ಉದ್ದ ಮುಖ್ಯ. ಸಜ್ದಾದಲ್ಲಿ ಏಳು ಅಂಗ ನೆಲ ಮುಟ್ಟಬೇಕು: ಮೂಗಿನ ಜೊತೆ ಹಣೆ, ಎರಡು ಅಂಗೈ, ಎರಡು ಮಂಡಿ, ಎರಡು ಪಾದದ ಬೆರಳುಗಳು. ಸುಮಾರು 110 ಸೆಂ.ಮೀ. ಉದ್ದ, 65-70 ಸೆಂ.ಮೀ. ಅಗಲ ಇದ್ದರೆ ಹೆಚ್ಚಿನವರಿಗೆ ಸಾಕು. ಪ್ಯಾರಾಚೂಟ್ ಬಟ್ಟೆಯದು ಟೈಲ್ಸ್ ಮೇಲೆ ಜಾರುತ್ತದೆ. ರುಕೂವಿನಿಂದ (ಸೊಂಟ ಬಾಗಿಸಿದ ಭಂಗಿ) ಎದ್ದು ಸಜ್ದಾಕ್ಕೆ ಹೋಗುವಾಗ ಮಂಡಿಯ ಕೆಳಗಿನ ಬಟ್ಟೆ ಹಿಂದಕ್ಕೆ ಸರಿದು, ಹಣೆ ಬರಿ ನೆಲಕ್ಕೆ ಬೀಳುತ್ತದೆ. ನಮಾಜಿಗೇನೂ ಕುಂದಿಲ್ಲ, ಇಡೀ ಭೂಮಿಯೇ ಸಜ್ದಾದ ಜಾಗ ಎಂದು ಹದೀಸ್ (ಪ್ರವಾದಿಯವರ ನುಡಿ) ಇದೆ. ಗಮನ ಮಾತ್ರ ಹೋಗುತ್ತದೆ. ಅಡಿಗೆ ರಬ್ಬರ್ ಚುಕ್ಕೆ ಇರುವುದನ್ನು ಕೊಳ್ಳಿ. ಬಣ್ಣ ಒಂದೇ ಇರಲಿ. ಹಣೆ ಊರುವ ಜಾಗದಲ್ಲಿ ಮಿರಮಿರ ಮಿಂಚುವ ಕಾಬಾದ ಚಿತ್ರ, ಗುಮ್ಮಟ, ಹೂಬಳ್ಳಿ ಬೇಡ. ಪ್ರವಾದಿಯವರೇ ಒಮ್ಮೆ ಚಿತ್ತಾರದ ಹೊದಿಕೆ ನಮಾಜಿನಲ್ಲಿ ಗಮನ ಸೆಳೆಯಿತೆಂದು ಅದನ್ನು ಕೊಟ್ಟು ಸಾದಾ ಹೊದಿಕೆ ತರಿಸಿಕೊಂಡಿದ್ದರು.

ಉಂಗುರದ ತಸ್ಬೀಹ್ ನಮಗೆ ಹಿಡಿಸಲಿಲ್ಲ. ಎಣಿಸುವ ಗುಂಡಿಯೂ ಸೊನ್ನೆ ಮಾಡುವ ಗುಂಡಿಯೂ ಅಕ್ಕಪಕ್ಕ. ಹೆಬ್ಬೆರಳು ಸ್ವಲ್ಪ ಜಾರಿದರೆ ಎಣಿಕೆ ಮಾಯ. ಕೆಲವಕ್ಕೆ ಒಂದೇ ಒತ್ತಿಗೆ ಎರಡು ಏರುವ ಕಾಯಿಲೆ. ಜನ ಅದನ್ನು ಬಲಗೈ ತೋರುಬೆರಳಿಗೆ ಹಾಕುತ್ತಾರೆ. ನಮಾಜಿನಲ್ಲಿ ಕುಳಿತು ಹೇಳುವ ಅತ್ತಹಿಯ್ಯಾತಿನಲ್ಲಿ ಅಲ್ಲಾಹನ ಏಕತ್ವ ಸಾರಲು ಎತ್ತುವ ಬೆರಳು ಅದೇ. ‘ಲಾ ಇಲಾಹ ಇಲ್ಲಲ್ಲಾಹ್’ ಎಂಬ ಮಾತಿನಲ್ಲಿ ಹನಫಿಗಳು ‘ಲಾ’ ಎನ್ನುವಾಗ ಎತ್ತಿ ‘ಇಲ್ಲಲ್ಲಾಹ್’ ಎನ್ನುವಾಗ ಇಳಿಸುತ್ತಾರೆ, ಶಾಫಿಗಳು ‘ಇಲ್ಲಲ್ಲಾಹ್’ ಎನ್ನುವಾಗ ಎತ್ತುತ್ತಾರೆ. ಅವನ ಹೊರತು ಆರಾಧ್ಯರಿಲ್ಲ ಎಂದು ಬೆರಳು ಸಾಕ್ಷಿ ಹೇಳುವ ಆ ಗಳಿಗೆಯಲ್ಲೇ ಅದರ ಬುಡದಲ್ಲಿ ಒಂದು ಅಂಕಿ ಮಿನುಗುವುದು, ಅಲಾರಂ ಗುರ್ರ್ ಎನ್ನುವುದು ಸಹಿಸುವಂಥದ್ದಲ್ಲ. ಹಾಕುವುದೇ ಆದರೆ ನಮಾಜಿಗೆ ಮುಂಚೆ ತೆಗೆದಿಡಿ.

ಬ್ಲೂಟೂತ್ ಮಾದರಿಗಳದ್ದು ಇನ್ನೂ ದೊಡ್ಡ ತೊಂದರೆ. ನಿಮ್ಮ ಜಿಕ್ರಿನ (ಅಲ್ಲಾಹನ ಸ್ಮರಣೆಯ) ಲೆಕ್ಕವನ್ನು ಆ್ಯಪ್‌ಗೆ ಕಳಿಸಿ, ಸ್ನೇಹಿತರಿಗೆ ತೋರಿಸಿ ಎನ್ನುವ ಆ್ಯಪ್‌ಗಳಿವೆ. ಜನ ನೋಡಲಿ ಎಂದು ಮಾಡುವ ಆರಾಧನೆ ರಿಯಾ. ಪ್ರವಾದಿಯವರು ಅದನ್ನು ಕಿರಿಯ ಶಿರ್ಕ್ (ಶಿರ್ಕ್ ಎಂದರೆ ಅಲ್ಲಾಹನಿಗೆ ಸಹಭಾಗಿಗಳನ್ನು ಸೇರಿಸುವುದು) ಎಂದು ಕರೆದಿದ್ದಾರೆ. ವಿಗ್ರಹದ ಹತ್ತಿರವೂ ಸುಳಿಯದವನು ಇಲ್ಲಿ ಸದ್ದಿಲ್ಲದೆ ಸಿಕ್ಕಿಬೀಳುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಹಂಚಿಕೆಯನ್ನು ಮೊದಲು ಆಫ್ ಮಾಡಿ. ಬೆರಳಿಗಿಂತ ಒಳ್ಳೆಯ ತಸ್ಬೀಹ್ ಇಲ್ಲ: ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು, ತಲಾ ಮೂರು ಗೆಣ್ಣು, ಒಂದು ಕೈಗೆ 12. ಎರಡು ಕೈ ಮುಗಿಸಿ ಇನ್ನು ಮೂರು ಬೆರಳು ಎಣಿಸಿದರೆ 33. ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಅಲ್ಲಾಹು ಅಕ್ಬರ್ ತಲಾ 33 ಆದರೆ 99. ‘ಲಾ ಇಲಾಹ ಇಲ್ಲಲ್ಲಾಹು ವಹ್ದಹೂ ಲಾ ಶರೀಕ ಲಹೂ’ ಎಂದು ಆರಂಭವಾಗುವ ವಾಕ್ಯದಿಂದ ನೂರು ತುಂಬುತ್ತದೆ.

ಇನ್ನು ನೀಲಿ ಮಣಿ. ದೃಷ್ಟಿ ತಾಗದಿರಲಿ ಎಂದು ಇದನ್ನು ನಮಾಜಿನ ಚೀಲಕ್ಕೇ ನೇತುಹಾಕಿ ಮಾರುತ್ತಿರುವುದು ನೋವಿನ ಸಂಗತಿ. ಕಾಪಾಡುತ್ತದೆಂದು ತಾಯಿತ, ಮಣಿ ಕಟ್ಟಿಕೊಳ್ಳುವುದು ಶಿರ್ಕ್ ಎಂದು ಹದೀಸ್ ಸ್ಪಷ್ಟವಾಗಿ ಹೇಳುತ್ತದೆ. ಕುರ್‌ಆನ್ ವಚನಗಳನ್ನಷ್ಟೇ ಬರೆದ ತಾಯಿತದ ಬಗ್ಗೆ ವಿದ್ವಾಂಸರಲ್ಲಿ ಎರಡು ಮಾತಿದೆ, ಗಾಜಿನ ಕಣ್ಣಿಗೆ ಆ ವಿನಾಯಿತಿಯೂ ಇಲ್ಲ. ದೃಷ್ಟಿಯ ಭಯವಿದ್ದರೆ ಕುರ್‌ಆನಿನ ಕೊನೆಯ ಎರಡು ಅಧ್ಯಾಯ ಫಲಕ್, ನಾಸ್ ಇವೆ. ಮೇಲೆ ಹೇಳಿದ 112ನೇ ಅಧ್ಯಾಯ ಇಖ್ಲಾಸ್ ಸೇರಿಸಿ ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಓದುವುದು ಪ್ರವಾದಿಯವರು ಕಲಿಸಿದ ಕ್ರಮ.

ಪೂರ್ತಿ ಸೆಟ್ಟಿಗೆ ದುಡ್ಡು ಹಾಕುವ ಬದಲು ಸಾದಾ ಜಾನಮಾಜ್, ಡಿಗ್ರಿ ಡಯಲಿನ ದಿಕ್ಸೂಚಿ ಬಿಡಿಬಿಡಿಯಾಗಿ ಕೊಳ್ಳಿ. ಸೆಟ್ ಈಗಾಗಲೇ ಬಂದಿದ್ದರೆ ಮಣಿಯನ್ನು ಕತ್ತರಿಸಿ ತೆಗೆಯಿರಿ, ಮ್ಯಾಗ್ನೆಟ್ ಬಟನ್ ಬಿಚ್ಚಿ ಅಲ್ಲಿಗೆ ವೆಲ್ಕ್ರೋ ಹೊಲಿಸಿ. ಗಲ್ಫ್‌ಗೆ ಹೊರಟವರಿಗೆ ಕೊಡುವುದಾದರೆ ಅವರು ಇಳಿಯುವ ಊರಿನ ಡಿಗ್ರಿಯನ್ನು ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದೇ ಕೊಡಿ: ದೋಹಾ 253, ರಿಯಾದ್ 244.