ನೆಕ್ಸಾನ್ ಇವಿ 45: ಬ್ಯಾಟರಿಯಲ್ಲಿ ಲಿಥಿಯಂ ಎಷ್ಟು, ಅದಕ್ಕೆ ನಾವು ತೆರುವುದೆಷ್ಟು?

ಟಾಟಾ ನೆಕ್ಸಾನ್ ಇವಿಯ 45 ಕಿಲೊವ್ಯಾಟ್-ಅವರ್ (ಅಂದರೆ 45 ಯೂನಿಟ್ ವಿದ್ಯುತ್ ಹಿಡಿಯುವ) ಮಾದರಿಯನ್ನು ಕೊಳ್ಳಲು ಹೊರಟವರು, ಬ್ಯಾಟರಿ ಕೆಟ್ಟರೆ ಖರ್ಚೆಷ್ಟು ಎಂದು ಮೊದಲು ಕೇಳುತ್ತಾರೆ. ಅದರ ಬೆನ್ನಿಗೇ, ಲಿಥಿಯಂ ಬೆಲೆ ಮತ್ತೆ ಗಗನಕ್ಕೇರಿದರೆ ಏನು ಗತಿ ಎಂಬ ಆತಂಕವೂ ಬರುತ್ತದೆ. ಆಸನ, ಪರದೆ, ಬಣ್ಣಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳು ಬಂದಿರುವುದರಿಂದ ಇಲ್ಲಿ ಬ್ಯಾಟರಿಯನ್ನಷ್ಟೇ ಪರಿಶೀಲಿಸಿದ್ದೇನೆ.

ಇದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿ. ಇದರಲ್ಲಿ ದುಬಾರಿಯಾದ ಕೋಬಾಲ್ಟ್ ಆಗಲಿ ನಿಕಲ್ ಆಗಲಿ ಇಲ್ಲ. ಸೆಲ್‌ನೊಳಗೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಗೆ ಎಲ್‌ಎಫ್‌ಪಿಯ ಕಪ್ಪು ಪುಡಿಯನ್ನು ಲೇಪಿಸಿರುತ್ತಾರೆ, ತಾಮ್ರದ ಹಾಳೆಗೆ ಗ್ರಾಫೈಟನ್ನು. ನಡುವೆ ಪ್ಲಾಸ್ಟಿಕ್ಕಿನ ಪೊರೆ, ಎಲ್ಲವನ್ನೂ ತೋಯಿಸುವ ಎಲೆಕ್ಟ್ರೊಲೈಟ್ ದ್ರವ. ಆ ಕಪ್ಪು ಪುಡಿಯ 100 ಗ್ರಾಂನಲ್ಲಿ ಲಿಥಿಯಂ ಇರುವುದು ಕೇವಲ 4.4 ಗ್ರಾಂ. 45 ಕಿಲೊವ್ಯಾಟ್-ಅವರ್ ಸಾಮರ್ಥ್ಯಕ್ಕೆ ಸುಮಾರು 90ರಿಂದ 100 ಕಿಲೊ ಪುಡಿ ಬೇಕಾಗುವುದರಿಂದ, ಇಡೀ ಕಾರಿನಲ್ಲಿರುವ ಲಿಥಿಯಂ ಸುಮಾರು ನಾಲ್ಕರಿಂದ ನಾಲ್ಕೂವರೆ ಕಿಲೊ ಎಂದು ಲೆಕ್ಕ ಹಾಕಬಹುದು. ಮಾರುಕಟ್ಟೆಯಲ್ಲಿ ಇದು ಹೆಚ್ಚಾಗಿ ಲಿಥಿಯಂ ಕಾರ್ಬೊನೇಟ್ ರೂಪದಲ್ಲಿ ಮಾರಾಟವಾಗುತ್ತದೆ. ಒಂದು ಕಿಲೊ ಲಿಥಿಯಂಗೆ 5.3 ಕಿಲೊ ಕಾರ್ಬೊನೇಟ್ ಬೇಕು. ಆ ಪ್ರಕಾರ ಈ ಕಾರಿಗೆ ಬೇಕಾಗುವುದು 21ರಿಂದ 24 ಕಿಲೊ.

ಈಗ ಬೆಲೆಗೆ ಬರೋಣ. 2022ರ ನವೆಂಬರಿನಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಆರು ಲಕ್ಷ ಯುವಾನ್‌ಗಳ ಹತ್ತಿರ ಹೋಗಿತ್ತು. ಆ ದರದಲ್ಲಿ 24 ಕಿಲೊಗೆ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು ಆಗುತ್ತಿತ್ತು. 2024ರ ಕೊನೆಗೆ ಅದೇ ಸರಕು ಸುಮಾರು 75 ಸಾವಿರ ಯುವಾನ್‌ಗೆ ಇಳಿದಿದ್ದರಿಂದ, ಅಷ್ಟೇ ಕಾರ್ಬೊನೇಟಿನ ಬೆಲೆ 21 ಸಾವಿರ ರೂಪಾಯಿಯ ಆಸುಪಾಸಿಗೆ ಬಂತು. ಲಿಥಿಯಂ ಎಂಟನೇ ಒಂದು ಭಾಗಕ್ಕೆ ಕುಸಿದ ಈ ಅವಧಿಯಲ್ಲಿ ಬ್ಯಾಟರಿ ಪ್ಯಾಕಿನ ಬೆಲೆಯೂ ಹಾಗೆಯೇ ಇಳಿಯಿತೇ? ಇಲ್ಲ. ಇಂಧನ ಕ್ಷೇತ್ರದ ಸಂಶೋಧನಾ ಸಂಸ್ಥೆ ಬ್ಲೂಮ್‌ಬರ್ಗ್‌ಎನ್‌ಇಎಫ್ 2022ರಲ್ಲಿ ಪ್ರಕಟಿಸಿದ ಜಾಗತಿಕ ಸರಾಸರಿ ಕಿಲೊವ್ಯಾಟ್-ಅವರ್‌ಗೆ 151 ಡಾಲರ್ ಇದ್ದರೆ, 2024ರದು 115 ಡಾಲರ್. ಇಳಿದದ್ದು ಕಾಲು ಭಾಗ ಮಾತ್ರ. ಉಳಿದ ಹಣವೆಲ್ಲ ತಾಮ್ರ, ಗ್ರಾಫೈಟ್, ಎಲೆಕ್ಟ್ರೊಲೈಟ್, ತಂಪಾಗಿಸುವ ವ್ಯವಸ್ಥೆ, ನಿಯಂತ್ರಣ ಸರ್ಕ್ಯೂಟ್, ಗಟ್ಟಿ ಕವಚ, ಮತ್ತು ತೇವಾಂಶವೇ ಇಲ್ಲದಂತೆ ಕಾಪಾಡಬೇಕಾದ ಕಾರ್ಖಾನೆಯ ಕೋಣೆಗಳಿಗೆ ಹೋಗುತ್ತದೆ.

2024ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದಾಗ ಈ ಮಾದರಿಯ ಆರಂಭಿಕ ಎಕ್ಸ್-ಶೋರೂಂ ಬೆಲೆ 13.99 ಲಕ್ಷ ರೂಪಾಯಿ. 30 ಕಿಲೊವ್ಯಾಟ್-ಅವರ್ ಮಾದರಿಯದು 12.49 ಲಕ್ಷ. ಹೆಚ್ಚುವರಿ 15 ಕಿಲೊವ್ಯಾಟ್-ಅವರ್‌ಗೆ ಒಂದೂವರೆ ಲಕ್ಷ, ಅಂದರೆ ತಲಾ ಹತ್ತು ಸಾವಿರ ರೂಪಾಯಿ. ಇದು ಆ ವರ್ಷದ ಜಾಗತಿಕ ಸರಾಸರಿಗೆ ಬಹಳ ಸಮೀಪವಿದೆ. ಗ್ರಾಹಕರಿಂದ ಅತಿಯಾಗಿ ವಸೂಲಿ ಮಾಡಿಲ್ಲ ಎನ್ನಲು ನನಗೆ ಇದೇ ಸಾಕು. ಆ ಒಂದೂವರೆ ಲಕ್ಷದಲ್ಲಿ ಹೆಚ್ಚುವರಿ ಲಿಥಿಯಂನ ಪಾಲು ಏಳು ಸಾವಿರ ರೂಪಾಯಿ ಇದ್ದೀತು.

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಸುತ್ತ 1,600 ಟನ್ ಲಿಥಿಯಂ ಇರಬಹುದೆಂಬ ಅಂದಾಜನ್ನು ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತ್ತು. ಅದು ನಮ್ಮ ಕಾರುಗಳನ್ನು ಅಗ್ಗವಾಗಿಸುತ್ತದೆ ಎಂದು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅದಿರು ನೆಲದಿಂದ ಮೇಲೆ ಬಂದರೂ ಅದನ್ನು ಶುದ್ಧೀಕರಿಸಿ ಸೆಲ್ ಮಾಡುವ ಉದ್ಯಮ ಇಲ್ಲಿ ಬೇರೂರದೆ ಬೆಲೆ ಇಳಿಯದು.

ಬಳಕೆಯ ವಿಷಯದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಪ್ರಮಾಣೀಕೃತ ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ, 489 ಕಿಲೊಮೀಟರ್ ಎಂದಿದ್ದರೂ, ನಿತ್ಯದ ಓಡಾಟದಲ್ಲಿ 350ರಿಂದ 370 ಸಿಗುತ್ತದೆಂದು ಕಂಪನಿಯೇ ಹೇಳುತ್ತದೆ. ನೀವೂ ಆ ಎರಡನೆಯ ಅಂಕಿಯನ್ನೇ ನಂಬಿ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರಲು ಅಷ್ಟು ಸಾಕು. ಇನ್ನೊಂದು, ಎಲ್‌ಎಫ್‌ಪಿ ಸೆಲ್‌ಗಳ ವೋಲ್ಟೇಜ್ ಬಹುಪಾಲು ಸಮಯ 3.2ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ಎಷ್ಟು ಚಾರ್ಜ್ ಉಳಿದಿದೆ ಎಂದು ವೋಲ್ಟೇಜ್ ನೋಡಿ ಅಳೆಯುವುದು ಕಷ್ಟ. ಆಗಾಗ ಮನೆಯ ಚಾರ್ಜರಿನಲ್ಲಿ ನಿಧಾನವಾಗಿ ನೂರು ಪ್ರತಿಶತ ತುಂಬಿಸಿದರೆ ಪರದೆಯ ಮೇಲಿನ ಅಂಕಿ ನಂಬಲು ಅರ್ಹವಾಗಿರುತ್ತದೆ.

ಬ್ಯಾಟರಿ ಬದಲಿಸುವ ಖರ್ಚಿನ ಭಯಕ್ಕೆ ನಿಜವಾದ ಉತ್ತರವಿರುವುದು ವಾರಂಟಿಯಲ್ಲಿ. 2025ರಲ್ಲಿ ಘೋಷಿಸಿದಂತೆ ಈ ಮಾದರಿಯ ಮೊದಲ ಮಾಲೀಕರಿಗೆ, ನೋಂದಣಿಯಾದ ದಿನದಿಂದ 15 ವರ್ಷಗಳ ಕಾಲ, ಕಿಲೊಮೀಟರ್ ಮಿತಿಯಿಲ್ಲದ ಬ್ಯಾಟರಿ ವಾರಂಟಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ತಮಗೆ ಎಷ್ಟು ವರ್ಷದ ವಾರಂಟಿ ವರ್ಗವಾಗುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳಬೇಕು.